ಗುಜರಿಗೂ ವಿಂಟೇಜಿಗೂ ನಡುವೆ

ಹಳೆ ಕಾರಿಗೆ ಬಳಕೆಯ ಮಾತಿನಲ್ಲಿ ಎರಡೇ ಹೆಸರು. ಬೆಲೆ ಇಲ್ಲದಿದ್ದರೆ ಗುಜರಿ, ಬೆಲೆ ಬಂದರೆ ವಿಂಟೇಜ್. ಕಾನೂನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಫಿಟ್‌ನೆಸ್ ತೋರಿಸಿ ನವೀಕರಿಸಿಕೊಳ್ಳಬೇಕು. 2021ರ ನಿಯಮದಂತೆ ವಿಂಟೇಜ್ ಎನಿಸಿಕೊಳ್ಳಲು ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ನಡುವಿನ 35 ವರ್ಷ ಆ ಕಾರಿಗೆ ಹೆಸರೇ ಇಲ್ಲ. ಅಗ್ಗದ, ವಿಚಿತ್ರವಾದ, ಚೆಂದದ ಕಾರುಗಳು ಸಿಗುವುದು ಮಾತ್ರ ಈ ಹೆಸರಿಲ್ಲದ ಅವಧಿಯಲ್ಲೇ.

ಅಂಥ ಕಾರುಗಳ ತವರು ಹುಡುಕಿದರೆ ಮಹಾರಾಷ್ಟ್ರದ ಎರಡು ಊರು ಎದುರಾಗುತ್ತವೆ. ಚೆನ್ನೈ ಬಳಿಯ ಕಾರ್ಖಾನೆ ಸಿದ್ಧವಾಗುವ ಮೊದಲು, 1996ರಿಂದ, ಫೋರ್ಡ್ ತನ್ನ ಎಸ್ಕಾರ್ಟ್ ಕಾರನ್ನು ಮಹೀಂದ್ರ ಜೊತೆಗೂಡಿ ಜೋಡಿಸುತ್ತಿದ್ದದ್ದು ನಾಸಿಕ್‌ನಲ್ಲಿ. 2007ರಲ್ಲಿ ಅಲ್ಲಿಂದಲೇ ಲೋಗನ್ ಬಂತು. ಖರ್ಚು ಉಳಿಸಲು ಎಡಬಲದ ಹೊರಗನ್ನಡಿಗಳಿಗೆ ಒಂದೇ ಅಚ್ಚು ಬಳಸಿದ ವಿನ್ಯಾಸ ಅದರದು. ಈಗ ಛತ್ರಪತಿ ಸಂಭಾಜಿನಗರವಾಗಿರುವ ಔರಂಗಾಬಾದಿನ ಶೇಂದ್ರಾದಲ್ಲಿ ಸ್ಕೋಡಾ 2001ರಲ್ಲಿ ಆಕ್ಟೇವಿಯಾ ಶುರುಮಾಡಿತು. ನೋಡಲು ಸೆಡಾನ್, ಡಿಕ್ಕಿ ಎತ್ತಿದರೆ ಹಿಂದಿನ ಗಾಜೂ ಜೊತೆಗೇ ಮೇಲೇಳುತ್ತದೆ. 2010ರ ಯೇಟಿಯ ಹಿಂದಿನ ಮೂರು ಸೀಟುಗಳನ್ನು ಬಿಡಿಬಿಡಿಯಾಗಿ ಕಳಚಿ ಹೊರಗಿಡಬಹುದಿತ್ತು.

ಕೊಳ್ಳುವವರು ಮರುಳಾಗಬೇಕಾದದ್ದು ಬಣ್ಣಕ್ಕಲ್ಲ, ಬಿಡಿಭಾಗಕ್ಕೆ. ಲೋಗನ್‌ನ 1.5 ಡೀಸೆಲ್ ಎಂಜಿನ್ ಮುಂದೆ ವೆರಿಟೊ, ಡಸ್ಟರ್‌ಗಳಲ್ಲೂ ಓಡಿತು. ಹಾಗಾಗಿ ಅದರ ರಿಪೇರಿ ಬಲ್ಲ ಮೆಕ್ಯಾನಿಕ್ ಸಿಗುವುದು ಅಷ್ಟು ಕಷ್ಟವಲ್ಲ. ಇಲ್ಲಿ ಬೇಗ ಮರೆಯಾದ ಎಸ್ಕಾರ್ಟ್‌ಗೆ ಆ ಭಾಗ್ಯವಿಲ್ಲ. ಅದರಲ್ಲಿ ಮೂಗಿಗಿಂತ ಮೂಗುತಿ ಭಾರವಾದೀತು. ಆರ್‌ಸಿಯಲ್ಲಿರುವ ಎಂಜಿನ್, ಚಾಸಿ ನಂಬರು ಕಾರಿನ ಮೇಲಿನದಕ್ಕೆ ಹೊಂದುತ್ತದೆಯೇ, ಬ್ಯಾಂಕ್ ಸಾಲದ ನಮೂದು ತೆಗೆಸಿದ್ದಾರೆಯೇ ಎಂದು ಮೊದಲೇ ನೋಡಬೇಕು. ಮಹಾರಾಷ್ಟ್ರದ ಕಾರನ್ನು ಕರ್ನಾಟಕಕ್ಕೆ ತಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡರೆ ಎನ್‌ಒಸಿ ತಂದು, ಇಲ್ಲಿನ ತೆರಿಗೆ ಕಟ್ಟಿ, ಮರುನೋಂದಣಿ ಮಾಡಿಸಬೇಕು. ಅಗ್ಗದ ಕಾರು ಗಡಿ ದಾಟಿದ ಮೇಲೆ ಅಷ್ಟು ಅಗ್ಗವಾಗಿ ಉಳಿಯುವುದಿಲ್ಲ.

ಇಷ್ಟಾದರೂ ಅವನ್ನು ಉಳಿಸಿಕೊಂಡವರಿಗೆ ಸರ್ಕಾರ ಕೊಟ್ಟಿರುವುದು ಹೆಚ್ಚಿನ ಶುಲ್ಕ. 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2025ರಿಂದ 10,000 ರೂಪಾಯಿ. ಹಳೆ ಕಾರು ಹೊಗೆ ಉಗುಳುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಹೊಗೆಯನ್ನು ಅಳೆಯಲು ಯಂತ್ರವಿದೆ, ಕ್ಯಾಲೆಂಡರ್ ಬೇಕಿಲ್ಲ. ದಿನಾ ನಗರ ಸುತ್ತುವ ಕಾರಿಗೂ ಭಾನುವಾರ ಮಾತ್ರ ಶೆಡ್ಡಿನಿಂದ ಹೊರಬರುವ ಕಾರಿಗೂ ಒಂದೇ ಅಳತೆಗೋಲು ಸರಿಯಲ್ಲ.

ಜರ್ಮನಿಯಲ್ಲಿ 30 ವರ್ಷ ದಾಟಿ, ಮೂಲ ರೂಪ ಉಳಿಸಿಕೊಂಡ ಕಾರಿಗೆ ಪ್ರತ್ಯೇಕ ನಂಬರ್ ಪ್ಲೇಟೂ ತೆರಿಗೆ ರಿಯಾಯಿತಿಯೂ ಇವೆ. ಇಲ್ಲಿಯೂ 30ಕ್ಕೆ ಒಂದು ವರ್ಗ ಇರಲಿ: ಕಟ್ಟುನಿಟ್ಟಿನ ಹೊಗೆ ಪರೀಕ್ಷೆ, ವರ್ಷಕ್ಕಿಷ್ಟೇ ಕಿಲೋಮೀಟರ್ ಎಂಬ ಮಿತಿ, ಕಡಿಮೆ ಶುಲ್ಕ.

ನಾಸಿಕ್‌ನ ಮೊದಲ ಎಸ್ಕಾರ್ಟ್‌ಗಳು ವಿಂಟೇಜ್ ಆಗುವುದು 2046ಕ್ಕೆ. ಮಹಾರಾಜರ ಕಾರುಗಳನ್ನು ಕಾಯಲು ಅರಮನೆಗಳಿದ್ದವು. ಮಧ್ಯಮವರ್ಗ ಕಂತು ಕಟ್ಟಿ ಕೊಂಡ ಕಾರುಗಳನ್ನು ಕಾಯುವವರು ಆ ಹೊತ್ತಿಗೆ ಉಳಿದಿರಬೇಕಾದರೆ ಅವರ ಕೆಲಸಕ್ಕೆ ಈಗಲೇ ಒಂದು ಹೆಸರು ಬೇಕು.