ಶತ್ರುವಲ್ಲ, ದಾಯಾದಿ

ಅತಿವಾಹಕಗಳ (ಸೂಪರ್‌ಕಂಡಕ್ಟರ್ ಅಂದ್ರೂ ಸರಿ) ಬಗ್ಗೆ ಸುದ್ದಿ ಬರೋದು ಯಾರಾದರೂ ಉಷ್ಣಾಂಶದ ದಾಖಲೆ ಮುರಿದೆವು ಅಂದಾಗ ಮಾತ್ರ. ೨೦೨೩ರಲ್ಲಿ ಕೊರಿಯಾದಿಂದ ಎಲ್‌ಕೆ-೯೯ ಬಂದಾಗ ಎಲ್ಲರೂ ಕುಣಿದರು. ಕೆಲವೇ ವಾರಗಳಲ್ಲಿ ಬೇರೆ ಲ್ಯಾಬುಗಳು ಅದು ಅತಿವಾಹಕವೇ ಅಲ್ಲ ಅಂದವು, ಎಲ್ಲರೂ ಮರೆತರು. 'ಎಷ್ಟು ಡಿಗ್ರಿ?' ಅನ್ನೋ ಪ್ರಶ್ನೆಗಿರೋ ಮರ್ಯಾದೆ 'ಒಳಗೆ ಏನು ನಡೀತಿದೆ?' ಅನ್ನೋದಕ್ಕಿಲ್ಲ. ನನಗೋ ಈ ಎರಡನೆಯದೇ ರುಚಿ. ಅದರಲ್ಲೂ ಚಾರ್ಜ್ ಡೆನ್ಸಿಟಿ ವೇವ್ ಅನ್ನೋದನ್ನ 'ಅತಿವಾಹಕತೆಯ ಶತ್ರು' ಅಂತ ಷರಾ ಬರೆದು ಮುಗಿಸಿಬಿಡೋದು ನನಗೆ ಒಪ್ಪಿಗೆಯಿಲ್ಲ.

(ಕನ್ನಡದಲ್ಲಿ 'ವಿದ್ಯುದಂಶ ಸಾಂದ್ರತಾ ತರಂಗ' ಅನ್ನಬಹುದೇನೋ. ಹೇಳೋಷ್ಟರಲ್ಲಿ ಉಸಿರು ಕಟ್ಟುತ್ತೆ. ನಾನು 'ಅಲೆ' ಅಂತೀನಿ, ಸಾಕು.)

ಲೋಹದೊಳಗೆ ಎಲೆಕ್ಟ್ರಾನುಗಳು ಹೆಚ್ಚುಕಮ್ಮಿ ಸಮನಾಗಿ ಹರಡಿಕೊಂಡಿರ್ತವೆ. ಕೆಲವು ವಸ್ತುಗಳನ್ನ ತಣ್ಣಗೆ ಮಾಡ್ತಾ ಹೋದರೆ ಅವು ದಟ್ಟ-ತೆಳು-ದಟ್ಟ-ತೆಳು ಅಂತ ಉತ್ತ ಹೊಲದ ಸಾಲಿನ ಹಾಗೆ ನಿಂತುಬಿಡ್ತವೆ. ಪರಮಾಣುಗಳೂ ಅದಕ್ಕೆ ತಕ್ಕಂತೆ ಚೂರು ಸರಿದು ಕೂರ್ತವೆ. ಇದು ಅಲೆ. ಅತಿವಾಹಕತೆಯಲ್ಲಾದರೆ ಎಲೆಕ್ಟ್ರಾನುಗಳು ಜೋಡಿ ಕಟ್ಟಿಕೊಂಡು ತಡೆಯೇ ಇಲ್ಲದೆ ಹರೀತವೆ. ಒಂದಕ್ಕೆ ನಿಲ್ಲೋ ಹಠ, ಇನ್ನೊಂದಕ್ಕೆ ಹರಿಯೋ ಹಠ. ಶತ್ರು ಅನ್ನೋ ಮಾತು ಹುಟ್ಟಿದ್ದು ಸಹಜವೇ.

ಅದಕ್ಕೆ ಸಾಕ್ಷಿಯೂ ಇದೆ. ೧೯೮೬ರಲ್ಲಿ ಜ್ಯೂರಿಕ್ ಬಳಿ ಬೆಡ್ನಾರ್ಜ್ ಮತ್ತು ಮುಲ್ಲರ್ ಲ್ಯಾಂಥನಮ್-ಬೇರಿಯಮ್-ತಾಮ್ರದ ಆಕ್ಸೈಡಿನಲ್ಲಿ ಸುಮಾರು ೩೦ ಕೆಲ್ವಿನ್‌ನಲ್ಲೇ ಅತಿವಾಹಕತೆ ಕಂಡರು, ಮರುವರ್ಷ ನೊಬೆಲ್ ಬಂತು. ೧೯೮೮ರಲ್ಲಿ ಒಂದು ವಿಚಿತ್ರ ಗೊತ್ತಾಯ್ತು. ಅದೇ ವಸ್ತುವಿನಲ್ಲಿ ಬೇರಿಯಮ್ ಪಾಲು ಸರಿಯಾಗಿ ಎಂಟನೇ ಒಂದು ಆದರೆ ಅತಿವಾಹಕತೆ ಕುಸಿದುಬೀಳುತ್ತೆ! ಚೂರು ಕಡಿಮೆಯಾದರೂ ಹೆಚ್ಚಾದರೂ ಮತ್ತೆ ಚೇತರಿಸಿಕೊಳ್ಳುತ್ತೆ. ೧೯೯೫ರಲ್ಲಿ ಟ್ರಾಂಕ್ವಾಡಾ ಮತ್ತು ಸಂಗಡಿಗರು ಇದರ ಹತ್ತಿರದ ಸಂಬಂಧಿಯೊಂದರ ಮೇಲೆ ನ್ಯೂಟ್ರಾನ್ ಹಾಯಿಸಿ ನೋಡಿದರೆ ಒಳಗೆ ಇದೇ ಸಾಲುಗಳು.

ಇನ್ನೊಂದು ಸಾಕ್ಷಿ ಯಿಟ್ರಿಯಮ್-ಬೇರಿಯಮ್-ತಾಮ್ರದ ಆಕ್ಸೈಡಿನದು. (೧೯೮೭ರಲ್ಲೇ ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ.ಎನ್.ಆರ್. ರಾವ್ ತಂಡ ಕೆಲಸ ಮಾಡಿದ ವಸ್ತು.) ೨೦೧೨ರ ಎಕ್ಸ್-ರೇ ಪ್ರಯೋಗಗಳಲ್ಲಿ, ತಣ್ಣಗಾದಷ್ಟೂ ಬೆಳೀತಿದ್ದ ಅಲೆ ಅತಿವಾಹಕತೆ ಶುರುವಾದ ಕೂಡಲೇ ಕುಗ್ಗತೊಡಗಿತು. ೧೭ ಟೆಸ್ಲಾ ಕಾಂತಕ್ಷೇತ್ರ ಕೊಟ್ಟು (ಆಸ್ಪತ್ರೆಯ ಎಂಆರ್‌ಐನದು ಸಾಮಾನ್ಯವಾಗಿ ಒಂದೂವರೆ ಇಲ್ಲವೇ ೩) ಅತಿವಾಹಕತೆಯನ್ನ ಹಿಂಡಿದರೆ ಅಲೆ ಮತ್ತೆ ತಲೆ ಎತ್ತಿತು.

ಇಷ್ಟಕ್ಕೇ ನಿಲ್ಲಿಸಿದರೆ ಶತ್ರು ಅನ್ನೋದೇ ಸರಿ. ಆದರೆ ೨೦೦೭ರದ್ದು ಏನು ಮಾಡೋದು? ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಅದೇ ಎಂಟನೇ ಒಂದರ ಹರಳನ್ನ ಪದರಪದರವಾಗಿ ಅಳೆದರು. ತಾಮ್ರ-ಆಕ್ಸಿಜನ್ ಪದರದೊಳಗೆ ಸುಮಾರು ೪೦ ಕೆಲ್ವಿನ್‌ನಲ್ಲೇ ಅತಿವಾಹಕತೆಯ ಲಕ್ಷಣ! ಅಂದರೆ, ಸಾಲುಗಳ ಕಾಟ ಕಡಿಮೆಯಿರೋ ಅಣ್ಣತಮ್ಮಂದಿರ ಉಷ್ಣಾಂಶಕ್ಕಿಂತಲೂ ಮೇಲೆ. ಜೋಡಿಗಳು ಸತ್ತಿರಲಿಲ್ಲ, ಒಂದು ಪದರದವು ಇನ್ನೊಂದರ ಜೊತೆ ಮಾತು ಬಿಟ್ಟಿದ್ದವು ಅಷ್ಟೆ. ಜೋಡಿಗಳೇ ಅಲೆಯ ರೂಪ ತಾಳಿ ಪದರಗಳ ನಡುವಿನ ನಂಟನ್ನ ಅಳಿಸಿಹಾಕ್ತವೆ ಅನ್ನೋದು ಒಂದು ವಿವರಣೆ. ಅದೇ ಕೊನೆಯ ಮಾತಲ್ಲ.

ನನ್ನ ಪ್ರಕಾರ ಇದಕ್ಕೆ ಸರಿಯಾದ ಪದ ದಾಯಾದಿ. ಶತ್ರು ಹೊರಗಿನವನು. ಇಲ್ಲಿ ಎರಡಕ್ಕೂ ಬೇಕಾಗಿರೋದು ಅವೇ ಎಲೆಕ್ಟ್ರಾನುಗಳು, ಒಂದೇ ಮನೆಯ ಆಸ್ತಿ. ಇದು ಬರೀ ಹೆಸರಿನ ಜಗಳ ಅಲ್ಲ. ಶತ್ರು ಅಂದುಕೊಂಡವರು ಅಲೆಯನ್ನ ಕೊಲ್ಲೋ ದಾರಿ ಹುಡುಕ್ತಾರೆ. ಎರಡಕ್ಕೂ ಬೇರು ಒಂದೇ ಆಗಿದ್ದರೆ ಆ ಬೇರಿಗೇ ಕೊಡಲಿ ಬೀಳಬಹುದಲ್ವಾ?

ಸೀಸಿಯಮ್-ವನೇಡಿಯಮ್-ಆಂಟಿಮನಿಯ ಹರಳಿನಲ್ಲಿ ಅಲೆ ೯೪ ಕೆಲ್ವಿನ್‌ಗೇ ಬರುತ್ತೆ, ಅತಿವಾಹಕತೆ ಎರಡೂವರೆಗೆ. ಒತ್ತಡ ಹಾಕಿ ಅಲೆಯನ್ನ ಅಡಗಿಸ್ತಾ ಹೋದರೆ ಅತಿವಾಹಕತೆಯ ಉಷ್ಣಾಂಶ ಸುಮ್ಮನೆ ಏರಬೇಕಿತ್ತು. ೨೦೨೧ರಲ್ಲಿ ಅಳೆದಾಗ ಅದು ಏರಿತು, ಇಳಿಯಿತು, ಮತ್ತೆ ಏರಿತು. ಶತ್ರು ಅನ್ನೋರು ಆ ನಡುವಿನ ಇಳಿತಕ್ಕೆ ಏನಂತಾರೋ ಕೇಳೋ ಆಸೆ ನನಗೆ.