ಔಷಧಿಗಳ ಕೂಟ, ಹಿರಿಯರ ಒಪ್ಪಿಗೆ

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ಬಹುಮಟ್ಟಿಗೆ ಇಳಿವಯಸ್ಸಿನ ಗಂಡಸರನ್ನು ಕಾಡುವ ವ್ಯಾಧಿ. ಮೂತ್ರದ ತೊಂದರೆಯನ್ನು ಮಕ್ಕಳ ಮುಂದೆ ಹೇಳಲು ಹಿರಿಯರು ಸಂಕೋಚಪಡುತ್ತಾರೆ. ರೋಗದ ಹೆಸರನ್ನು ಹಿರಿಯರ ಮುಂದೆ ಹೇಳಲು ಮಕ್ಕಳು ಅಂಜುತ್ತಾರೆ. ರೋಗ ಉಲ್ಬಣಿಸಿ, ವೈದ್ಯರು ಎರಡು ಔಷಧಿಗಳನ್ನು ಕೂಡಿಸಿ ಕೊಡುವ ಮಾತೆತ್ತಿದಾಗ ಈ ಮೌನ ಬಹಳ ಭಾರವಾಗುತ್ತದೆ.

ಈ ರೋಗದ ಬೆಳವಣಿಗೆಗೆ ಪುರುಷ ಹಾರ್ಮೋನೇ ಆಸರೆ. ಅದನ್ನು ತಗ್ಗಿಸಿದರೆ ರೋಗ ಕುಗ್ಗುವುದೆಂದು ಅಮೆರಿಕದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿಕೊಟ್ಟರು. 1966ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಆದರೆ ಹಬ್ಬಿದ ರೋಗವು ಕ್ರಮೇಣ ಈ ಚಿಕಿತ್ಸೆಗೆ ಮಣಿಯದಂತಾಗುತ್ತದೆ. ಹಾರ್ಮೋನು ತಗ್ಗಿದರೂ ಬದುಕಬಲ್ಲ ಜೀವಕೋಶಗಳು ಉಳಿದು ವೃದ್ಧಿಸುತ್ತವೆ. ಒಂದಕ್ಕೆ ಬಗ್ಗದ್ದು ಎರಡಕ್ಕೆ ಬಗ್ಗೀತೆಂಬ ಆಶೆಯಿಂದ ಔಷಧಿಗಳ ಕೂಟದ ಪರೀಕ್ಷೆಗಳು ನಡೆದಿವೆ.

ಅಮೆರಿಕದಲ್ಲಿ 160 ರೋಗಿಗಳ ಮೇಲೆ ನಡೆದ ಇಂಥ ಒಂದು ಪರೀಕ್ಷೆಯ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಕೆಬಾಜಿಟ್ಯಾಕ್ಸೆಲ್ ಒಂದನ್ನೇ ಪಡೆದವರಲ್ಲಿ ರೋಗ ಸುಮಾರು 4.5 ತಿಂಗಳು ತಡೆಯಲ್ಪಟ್ಟರೆ, ಕಾರ್ಬೋಪ್ಲಾಟಿನ್ ಕೂಡಿಸಿದಾಗ 7.3 ತಿಂಗಳು ತಡೆಯಿತು. ಜೊತೆಗೆ ಆಯಾಸ, ರಕ್ತಹೀನತೆಗಳೂ ಹೆಚ್ಚಿದವು. ಇನ್ನೊಂದು ಪರೀಕ್ಷೆಯಲ್ಲಿ 806 ರೋಗಿಗಳಿದ್ದರು. ಬಿಡಿಬಿಡಿಯಾಗಿ ಗುಣ ತೋರಿದ್ದ ಅಬಿರಾಟೆರೋನ್ ಮತ್ತು ರೇಡಿಯಂ-223ಗಳನ್ನು ಕೂಡಿಸಿದಾಗ ಎಲುಬು ಮುರಿದವರು ನೂರಕ್ಕೆ 29. ರೇಡಿಯಂ ಇಲ್ಲದವರಲ್ಲಿ 11 ಮಾತ್ರ. ಈ ಅಪಾಯ 2017ರಲ್ಲಿ ಅವಧಿಗೆ ಮುನ್ನವೇ ಬಯಲಾಯಿತು. ಒಳ್ಳೆಯದಕ್ಕೆ ಒಳ್ಳೆಯದು ಕೂಡಿದರೆ ಒಳ್ಳೆಯದೇ ಆಗಬೇಕೆಂಬ ನಿಯಮವಿಲ್ಲ. ಪರೀಕ್ಷೆ ಬೇಕಾಗುವುದು ಇದಕ್ಕಾಗಿಯೇ.

ಮುಂದೆ ಬರುವವರಿಗಾಗಿ ತಮ್ಮ ಕಾಯವನ್ನೇ ಒಡ್ಡಿದ ಈ ರೋಗಿಗಳ ಸೇವೆಯನ್ನು ನಾವು ದಾಸೋಹವೆಂದೇ ಭಾವಿಸುತ್ತೇವೆ. ಆದರೆ ಅರಿವಿಲ್ಲದೆ ದಾಸೋಹವಿಲ್ಲ. ನಮ್ಮ ದೇಶದ 2019ರ ನಿಯಮಗಳೂ ರೋಗಿಗೆ ತಿಳಿಯುವಂತೆ ವಿವರಿಸಿ ಲಿಖಿತ ಒಪ್ಪಿಗೆ ಪಡೆಯಬೇಕೆನ್ನುತ್ತವೆ. ಬೇಡವೆನಿಸಿದಾಗ ಹಿಂದೆ ಸರಿಯುವ ಹಕ್ಕೂ ರೋಗಿಗಿದೆ. ಆದುದರಿಂದ ರೋಗವನ್ನು ಮುಚ್ಚಿಟ್ಟು ಮಕ್ಕಳೇ ಎಲ್ಲವನ್ನೂ ನಿರ್ಧರಿಸುವುದು ಪ್ರೀತಿಯಾದರೂ ನ್ಯಾಯವಲ್ಲ. ಎಷ್ಟು ಕಾಲ ಉಪಶಮನ, ಎಷ್ಟು ಸಂಕಟ, ಎಷ್ಟು ಖರ್ಚು ಎಂಬುದನ್ನು ವೈದ್ಯರಲ್ಲಿ ಕೇಳಿ ತಿಳಿಯುವಾಗ ಹಿರಿಯರನ್ನು ಜೊತೆಯಲ್ಲೇ ಕೂರಿಸಿಕೊಳ್ಳಿರಿ. ಏಳು ತಿಂಗಳೋ, ನಾಲ್ಕು ತಿಂಗಳೋ, ಆ ದಿನಗಳನ್ನು ಹೇಗೆ ಕಳೆಯಬೇಕೆಂದು ಹೇಳತಕ್ಕವರು ಅವರೇ.