‘ತಗೋ’ ಅನ್ನೋ ಒಂದು ಮಾತು

ಹೋದ ತಿಂಗಳು ಅಮ್ಮನ ಬಿಪಿ 180 ದಾಟಿತ್ತು. ಯಾಕೆ ಅಂತ ಹುಡುಕ್ತಾ ಹೋದರೆ ಕೊನೆಗೆ ಸಿಕ್ಕಿಬಿದ್ದವನು ನಾನೇ.

ಆಗಿದ್ದಿಷ್ಟು. ಬಿಪಿ ಮಾತ್ರೆ ತೆಗೆದುಕೊಳ್ಳೋ ಅಮ್ಮನಿಗೆ ಮಂಡಿನೋವು ಶುರುವಾಯ್ತು. ಡಾಕ್ಟರು ನೋವಿನ ಮಾತ್ರೆ ಬರೆದು ಪಕ್ಕದಲ್ಲಿ ‘ಎಸ್‌ಓಎಸ್’ ಅಂತ ಹಾಕಿದ್ದರು. ಗಾಂಧಿ ಬಜಾರಿನಿಂದ ಮಾತ್ರೆ ತಂದ ನಾನು, ಹಡಗು ಮುಳುಗುವಾಗ ಕಳಿಸೋ ಎಸ್‌ಓಎಸ್ ನೆನೆಸಿಕೊಂಡು, “ಇದು ಬಹಳ ಅರ್ಜೆಂಟಂತೆ, ಒಂದು ಹೊತ್ತೂ ತಪ್ಪಿಸ್ಬೇಡ” ಅಂದೆ. ಇಂಜಿನಿಯರ್ ಮಗ ಹೇಳಿದ್ದಾನಲ್ಲ ಅಂತ ಅಮ್ಮ ಮೂರು ವಾರ, ದಿನಕ್ಕೆರಡರಂತೆ ನುಂಗಿದಳು. ಕೆಲವು ನೋವಿನ ಮಾತ್ರೆಗಳು ರಕ್ತದೊತ್ತಡ ಏರಿಸುತ್ತವೆ. ಇದು ಅಂಥದ್ದೇ.

“ಅದು ಲ್ಯಾಟಿನ್ ಕಣಪ್ಪ,” ಅಂದರು ಡಾಕ್ಟರು. “ಸಿ ಓಪುಸ್ ಸಿಟ್. ಅಗತ್ಯ ಬಿದ್ದರೆ ಮಾತ್ರ ಅಂತ.”

ಅವತ್ತು ರಾತ್ರಿ ಆ ಚೀಟಿ ಹಿಡಿದು ಕೂತೆ. ದಿನಾ ಸಾವಿರಾರು ಸಾಲು ಕೋಡ್ ಓದೋನಿಗೆ ಅಂಗೈಯಗಲ ಚೀಟಿ ಓದಕ್ಕೆ ಬರಲಿಲ್ಲವಲ್ಲ ಅನ್ನೋ ಸಂಕಟ.

ಚೀಟಿಯ ತಲೆಯಲ್ಲೇ ‘ಆರ್‌ಎಕ್ಸ್’ ಅಂತ ಇರುತ್ತೆ, ನೋಡಿದ್ದೀರಲ್ಲ? ಅದರಲ್ಲಿ ‘ಎಕ್ಸ್’ ಇಲ್ಲವೇ ಇಲ್ಲ. ‘ಆರ್’ ಅಕ್ಷರದ ಕಾಲಿಗೆ ಅಡ್ಡಗೀಟು ಹಾಕಿದರೆ, ಪದವನ್ನು ಮೊಟಕು ಮಾಡಿದೆ ಅಂತ ಅರ್ಥ. ಪೂರ್ತಿ ಪದ ‘ರೆಕಿಪೆ’. ‘ರೆಕಿಪೆರೆ’ ಅನ್ನೋ ಲ್ಯಾಟಿನ್ ಕ್ರಿಯಾಪದದ ಆಜ್ಞಾರೂಪ. ಅರ್ಥ: ತಗೋ!

ಮೂಲದಲ್ಲಿ ‘ರೆ’ ಅಂದರೆ ಹಿಂದಕ್ಕೆ, ‘ಕಪೆರೆ’ ಅಂದರೆ ಹಿಡಿ. ಹಾಗಾಗಿ ಈ ಕ್ರಿಯಾಪದಕ್ಕೆ ಪಡೆದುಕೊ, ಮರಳಿ ಪಡೆ, ಒಳಗೆ ಬರಮಾಡಿಕೊ, ಹೊಣೆ ಹೊತ್ತುಕೊ ಅಂತೆಲ್ಲ ಅರ್ಥ ಬೆಳೆದವು. ನಮ್ಮ ಛತ್ರಗಳ ‘ರಿಸೆಪ್ಷನ್’, ಅಂಗಡಿಯ ‘ರಿಸೀಟ್’, ಹಳೇ ಫೋನಿನ ‘ರಿಸೀವರ್’ ಎಲ್ಲ ಅದರ ಮಕ್ಕಳೇ. (‘ರಸೀದಿ’ ಮಾತ್ರ ಬೇರೆ ಮನೆಯದು. ಅದು ಪಾರಸಿಯಿಂದ ಬಂದದ್ದು, ‘ತಲುಪಿತು’ ಅಂತ ಅರ್ಥ.)

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಆ ‘ತಗೋ’ ಹೇಳಿದ್ದು ರೋಗಿಗಲ್ಲ, ಔಷಧಿ ತಯಾರಿಸೋನಿಗೆ! ಸಿದ್ಧ ಮಾತ್ರೆಗಳಿಲ್ಲದ ಕಾಲದಲ್ಲಿ ‘ಇದು ಇಷ್ಟು ತಗೋ, ಅದು ಅಷ್ಟು ತಗೋ, ಬೆರೆಸು’ ಅಂತ ವೈದ್ಯರು ಬರೆಯುತ್ತಿದ್ದರು. ಸೀಸೆಯಲ್ಲಿ ಮಿಕ್ಸ್ಚರ್ ಬೆರೆಸಿಕೊಡುತ್ತಿದ್ದ ಕಾಂಪೌಂಡರ್‌ಗಳನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಈ ರೆಕಿಪೆಯೇ ಮುಂದೆ ಅಡುಗೆಮನೆಗೆ ಬಂದು ‘ರೆಸಿಪಿ’ ಆಯಿತು.

ತಕ್ಷಣ ನೆನಪಾಗಿದ್ದು ಅಜ್ಜಿಯ ನೋಟ್‌ಬುಕ್ಕು. ‘ಸಾರಿನ ಪುಡಿ: ಧನಿಯ ಒಂದು ಪಾವು ತಗೋ, ಬ್ಯಾಡಗಿ ಮೆಣಸಿನಕಾಯಿ ಎರಡು ಹಿಡಿ ತಗೋ...’ ಲ್ಯಾಟಿನ್ನಿನ ಗಂಧಗಾಳಿ ಇಲ್ಲದ ಅಜ್ಜಿ, ಪ್ರತಿ ಸಾಲಿನಲ್ಲೂ ಬರೆದದ್ದು ರೆಕಿಪೆಯನ್ನೇ.

ರೋಗಿಗೆ ಹೇಳುವ ಮಾತು ಚೀಟಿಯ ಕೆಳಗಡೆ ಬರುತ್ತೆ. ‘ಓಡಿ’ ಅಂದರೆ ದಿನಕ್ಕೊಮ್ಮೆ. ‘ಬಿಡಿ’ ಅಂದರೆ ದಿನಕ್ಕೆರಡು ಸಲ. (ಕನ್ನಡದಲ್ಲಿ ಓದಿಕೊಂಡು ಓಡಲೂಬೇಡಿ, ಬಿಡಲೂಬೇಡಿ!) ‘ಟಿಡಿಎಸ್’ ಅಂದರೆ ಸಂಬಳದಲ್ಲಿ ಮುರಿಯೋ ತೆರಿಗೆಯಲ್ಲ, ‘ತೆರ್ ದಿಯೆ ಸುಮೆಂದುಮ್’. ಇಲ್ಲಿ ತಗೋ ಅನ್ನೋದಕ್ಕೆ ‘ಸುಮೆರೆ’ ಅನ್ನೋ ಇನ್ನೊಂದು ಕ್ರಿಯಾಪದ. ‘ಸುಮೆಂದುಮ್’ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಹಲವು ಪದ ಬೇಕು, ನಮಗೆ ಒಂದೇ ಸಾಕು: ತೆಗೆದುಕೊಳ್ಳತಕ್ಕದ್ದು. ದಿನಕ್ಕೆ ಮೂರು ಸಲ ತೆಗೆದುಕೊಳ್ಳತಕ್ಕದ್ದು.

ಇಷ್ಟು ಚೆನ್ನಾಗಿ ಹೇಳಬಲ್ಲ ಭಾಷೆ ಮನೆಯಲ್ಲೇ ಇದ್ದರೂ, ನಮ್ಮಮ್ಮನ ಆರೋಗ್ಯ ಮೂರು ಇಂಗ್ಲಿಷ್ ಅಕ್ಷರಗಳ ಮೇಲೆ, ಅದಕ್ಕಿಂತ ಹೆಚ್ಚಾಗಿ ನನ್ನ ಒಣಜಂಬದ ಮೇಲೆ ನಿಂತಿತ್ತು. ‘ಹೀಗಂದ್ರೆ ಏನು ಡಾಕ್ಟ್ರೇ?’ ಅಂತ ಒಂದು ಮಾತು ಕೇಳಿದ್ದರೆ ಮುಗಿದುಹೋಗ್ತಿತ್ತು. ಓದಿದೋರು ನಾವು, ಕೇಳಕ್ಕೆ ನಾಚಿಕೆ.

ಈಗ ಮನೆಯಲ್ಲಿ ಹೊಸ ಪದ್ಧತಿ. ಡಾಕ್ಟರ ಎದುರಿಗೇ ಕೂತು, ಒಂದೊಂದೂ ಕೇಳಿ, ಮಾತ್ರೆಯ ಕವರಿನ ಮೇಲೆ ಕನ್ನಡದಲ್ಲಿ ಬರೆದುಕೊಳ್ತೀನಿ. ‘ಬೆಳಿಗ್ಗೆ ತಿಂಡಿ ಆದಮೇಲೆ ಒಂದು ತಗೋ.’ ‘ನೋವು ತಡೆಯೋಕಾಗದಿದ್ರೆ, ಡಾಕ್ಟರಿಗೆ ಫೋನ್ ಮಾಡಿ ಆಮೇಲೆ ತಗೋ.’ ಅಮ್ಮನ ಬಿಪಿ ಹದಕ್ಕೆ ಬಂದಿದೆ.

ಮೊನ್ನೆ ಕನ್ನಡಕ ಏರಿಸಿಕೊಂಡು ಆ ಕವರ್ ಓದಿದ ಅಮ್ಮ ನಕ್ಕಳು. “ಥೇಟ್ ನಿಮ್ಮಜ್ಜಿ ಬರೆದ ಹಾಗೇ ಇದೆ ಕಣೋ. ಆದ್ರೆ ಅವರ ಅಕ್ಷರ ಇದಕ್ಕಿಂತ ದುಂಡಗಿತ್ತು.”